ಕರಾವಳಿಯ ಮನೆಗೊಂದು ಫೋಟೋ ಪ್ರಿಂಟರ್: ಕಡಿಮೆ ಖರ್ಚಿನಲ್ಲಿ ಒಳ್ಳೆಯದನ್ನು ಆರಿಸುವ ಸಮಗ್ರ ಮಾರ್ಗದರ್ಶಿ

ವರ್ಷಕ್ಕೆ ಎಷ್ಟು ಫೋಟೋ ಪ್ರಿಂಟ್ ಮಾಡುತ್ತೀರಿ? ಮಂಗಳೂರಿನ ಹಂಪನಕಟ್ಟೆಯ ಅಂಗಡಿಗೋ ಉಡುಪಿಯ ಸರ್ವೀಸ್ ಬಸ್ ನಿಲ್ದಾಣದ ಆಸುಪಾಸಿನ ಅಂಗಡಿಗೋ ಹೋಗುವ ಮೊದಲು ಈ ಪ್ರಶ್ನೆಗೆ ಒಂದು ಉತ್ತರ ಇಟ್ಟುಕೊಳ್ಳಿ. ಯಾವ ಕಂಪನಿ, ಯಾವ ಮಾಡೆಲ್ ಅನ್ನುವುದೆಲ್ಲ ಆಮೇಲೆ. ನಮ್ಮ ಕಡೆ ಇನ್ನೊಂದು ಪ್ರಶ್ನೆಯೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಆ ಪ್ರಿಂಟರ್, ಅದರ ಪೇಪರ್, ಅದರಿಂದ ಬಂದ ಫೋಟೋ ಎಲ್ಲಿರುತ್ತವೆ? ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತು ಬರೆದ ಪ್ರಿಂಟರ್ ವಿಮರ್ಶೆಗಳಲ್ಲಿ ಈ ಮಾತು ಬರುವುದೇ ಅಪರೂಪ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಇದನ್ನು ಬಿಟ್ಟು ಪ್ರಿಂಟರ್ ಆರಿಸಲು ಆಗುವುದಿಲ್ಲ.

ಮೊದಲು ಲೆಕ್ಕ

ಖರ್ಚು ಮೂರು ಕಡೆ ಇದೆ: ಯಂತ್ರ, ಇಂಕ್, ಪೇಪರ್. ಹೆಚ್ಚಿನವರು ಯಂತ್ರದ ಬೆಲೆ ಮಾತ್ರ ನೋಡುತ್ತಾರೆ. ಸ್ವಲ್ಪ ತಿಳಿದವರು ಇಂಕ್ ಬೆಲೆಯನ್ನೂ ಕೇಳುತ್ತಾರೆ. ಮೂರನ್ನೂ ಕೂಡಿಸಿ ಒಂದು ಫೋಟೋಗೆ ಎಷ್ಟು ಬೀಳುತ್ತದೆ ಎಂದು ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ.

ಒಂದು ಉದಾಹರಣೆ ನೋಡೋಣ. ಎಪ್ಸನ್ ಎಲ್805 ಎಂಬ ಆರು ಬಣ್ಣದ ಹಳೆಯ ಟ್ಯಾಂಕ್ ಪ್ರಿಂಟರ್ (ಬಾಟಲಿಯಿಂದ ಟ್ಯಾಂಕಿಗೆ ಇಂಕ್ ಸುರಿಯುವ ಬಗೆ) ಇತ್ತು. ಅದರ ಆರು ಬಾಟಲಿಗಳ ಒಂದು ಸೆಟ್‌ನಲ್ಲಿ 4×6 ಇಂಚಿನ 1,800 ಫೋಟೋ ಬರುತ್ತದೆ ಎಂದು ಕಂಪನಿ ಹೇಳುತ್ತಿತ್ತು. ಬಾಟಲಿ ಒಂದಕ್ಕೆ 70 ಮಿಲಿಲೀಟರ್, ಒಟ್ಟು 420. ಅಂದರೆ ನಮ್ಮ ಸ್ಟುಡಿಯೋಗಳಲ್ಲಿ ಮ್ಯಾಕ್ಸಿ ಸೈಜ್ ಅನ್ನುವ ಒಂದು ಫೋಟೋಗೆ ಕಾಲು ಮಿಲಿಲೀಟರ್‌ಗಿಂತ ಸ್ವಲ್ಪ ಕಡಿಮೆ ಇಂಕ್. ಬಾಟಲಿಗೆ 600 ರೂಪಾಯಿ ಎಂದುಕೊಂಡರೆ ಸೆಟ್‌ಗೆ 3,600. ಫೋಟೋ ಒಂದಕ್ಕೆ ಇಂಕ್ ಖರ್ಚು 2 ರೂಪಾಯಿ. ಒಳ್ಳೆಯ ಪೇಪರ್‌ಗೆ 5 ರೂಪಾಯಿ ಇಡಿ. ಒಟ್ಟು 7.

ಆದರೆ ಯಂತ್ರವನ್ನು ಮರೆಯಬೇಡಿ. ಅದಕ್ಕೆ 20,000 ರೂಪಾಯಿ, ಬಾಳಿಕೆ ನಾಲ್ಕು ವರ್ಷ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 300 ಫೋಟೋ ತೆಗೆದರೆ ಒಂದೊಂದರ ಮೇಲೆ ಯಂತ್ರದ ಪಾಲು ಸುಮಾರು 17 ರೂಪಾಯಿ, ಒಟ್ಟು 24. ವರ್ಷಕ್ಕೆ 1,000 ತೆಗೆದರೆ ಯಂತ್ರದ ಪಾಲು 5 ರೂಪಾಯಿಗೆ ಇಳಿಯುತ್ತದೆ, ಒಟ್ಟು 12. ಇಲ್ಲಿನ ಬೆಲೆಗಳು ಲೆಕ್ಕದ ಸಲುವಾಗಿ ಇಟ್ಟವು. ನೀವು ಕೊಳ್ಳುವ ದಿನದ ಬೆಲೆಗಳನ್ನು ಅದೇ ಜಾಗದಲ್ಲಿ ಹಾಕಿ. ನಿಮ್ಮ ಊರಿನ ಸ್ಟುಡಿಯೋ ದರವನ್ನೂ ಕೇಳಿ ಪಕ್ಕದಲ್ಲಿ ಬರೆದುಕೊಳ್ಳಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ವರ್ಷಕ್ಕೆ ನೂರಿನ್ನೂರು ಫೋಟೋ ಮಾತ್ರ ಬೇಕಾದವರು, ಅದೂ ಒಂದು ಮದುವೆ, ಒಂದು ಪ್ರವಾಸ ಎಂದು ಒಮ್ಮೆಲೇ ಬೇಕಾದವರು, ಲ್ಯಾಬ್ ಇರುವ ಸ್ಟುಡಿಯೋಗೆ ಪೆನ್‌ಡ್ರೈವ್ ಒಯ್ಯುವುದೇ ಒಳ್ಳೆಯದು. ಅಲ್ಲಿನ ದೊಡ್ಡ ಯಂತ್ರಗಳು ಬೆಳ್ಳಿಯ ಲವಣ ಇರುವ ಅಸಲಿ ಫೋಟೋ ಪೇಪರ್ ಮೇಲೆ ಬೆಳಕಿನಿಂದ ಚಿತ್ರ ಮೂಡಿಸಿ, ಕೆಮಿಕಲ್‌ನಲ್ಲಿ ತೊಳೆದು ಕೊಡುತ್ತವೆ. ಆ ಗುಣಮಟ್ಟಕ್ಕೆ ಆ ದರ ತುಂಬಾ ಕಡಿಮೆ. ಮನೆಯಲ್ಲಿ ಪ್ರಿಂಟರ್ ಬೇಕಾಗುವುದು ವಾರವಾರ ಫೋಟೋ ತೆಗೆದು, ಆರಿಸಿ, ತಿದ್ದಿ, ಕಾಗದದ ಮೇಲೆ ನೋಡುವ ಆಸೆ ಇರುವವರಿಗೆ. ಮಕ್ಕಳ ಪ್ರಾಜೆಕ್ಟ್, ಪಾಸ್‌ಪೋರ್ಟ್ ಸೈಜ್ ಫೋಟೋ, ಅಜ್ಜಿಯ ಹಳೆಯ ಚಿತ್ರದ ಮರುಪ್ರಿಂಟ್ ಎಂದು ಆಗಾಗ ಕೆಲಸ ಇರುವ ಮನೆಗೂ ಅದು ಸರಿ.

ಯಾವ ಬಗೆಯ ಯಂತ್ರ?

ಲೇಸರ್ ಪ್ರಿಂಟರನ್ನು ಪಟ್ಟಿಯಿಂದ ತೆಗೆದುಬಿಡಿ. ಅಕ್ಷರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಮುಖದ ಬಣ್ಣ, ಆಕಾಶದ ನಯ ಅದಕ್ಕೆ ಸಿಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಇಂಕ್‌ಜೆಟ್‌ಗೆಂದು ಮಾಡಿದ ಗ್ಲಾಸಿ ಪೇಪರನ್ನು ಲೇಸರ್ ಪ್ರಿಂಟರ್‌ಗೆ ಹಾಕಲೇಬೇಡಿ. ಒಳಗಿನ ಬಿಸಿ ರೋಲರ್‌ಗೆ ಅದರ ಪದರ ಕರಗಿ ಅಂಟಿದರೆ ಯಂತ್ರವೇ ಹಾಳಾಗುತ್ತದೆ.

ಕಾರ್ಟ್ರಿಜ್ ಹಾಕುವ ಅಗ್ಗದ ಇಂಕ್‌ಜೆಟ್‌ಗಳೂ ಬೇಡ. ಯಂತ್ರದ ಬೆಲೆ ಕಡಿಮೆ, ಕಾರ್ಟ್ರಿಜ್ ದುಬಾರಿ, ಒಳಗಿನ ಇಂಕ್ ಕೆಲವೇ ಮಿಲಿಲೀಟರ್. ಎ4 ಅಳತೆಯ ಫೋಟೋಗಳನ್ನು ತೆಗೆಯತೊಡಗಿದರೆ ಅದು ಖಾಲಿಯಾಗುವುದು ಕಣ್ಣಿಗೆ ಕಾಣುತ್ತದೆ.

ಜೇಬಿನಲ್ಲಿ ಇಡುವಂಥ ಪುಟ್ಟ ಜಿಂಕ್ ಪ್ರಿಂಟರ್‌ಗಳಿವೆ. ಬಣ್ಣ ಪೇಪರ್ ಒಳಗೇ ಇದ್ದು, ಬಿಸಿ ತಾಗಿದಾಗ ಮೂಡುತ್ತದೆ. ಮಕ್ಕಳ ಖುಷಿಗೆ ಸರಿ, ಗುಣಮಟ್ಟಕ್ಕಲ್ಲ.

ಉಳಿಯುವುದು ಎರಡು: ಡೈ ಸಬ್ಲಿಮೇಷನ್ ಮತ್ತು ಇಂಕ್ ಟ್ಯಾಂಕ್.

ಡೈ ಸಬ್ಲಿಮೇಷನ್ ಬಗೆಯಲ್ಲಿ ಮನೆಬಳಕೆಗೆ ಹೆಚ್ಚು ಗೊತ್ತಿರುವುದು ಕ್ಯಾನನ್ ಸೆಲ್ಫಿ ಸಿಪಿ1500. ಇದರಲ್ಲಿ ದ್ರವ ಇಂಕ್ ಇಲ್ಲ. ರಿಬ್ಬನ್‌ನಲ್ಲಿರುವ ಬಣ್ಣವನ್ನು ಬಿಸಿಯಿಂದ ಪೇಪರ್‌ಗೆ ಇಳಿಸುತ್ತದೆ. ಪೇಪರ್ ನಾಲ್ಕು ಸಲ ಒಳಗೆ ಹೊರಗೆ ಹೋಗುತ್ತದೆ: ಹಳದಿ, ಮೆಜೆಂಟಾ, ಸಯಾನ್, ಕೊನೆಗೆ ಒಂದು ಪಾರದರ್ಶಕ ರಕ್ಷಣೆಯ ಪದರ. ಆ ಪದರದಿಂದಾಗಿ ನೀರಿನ ಹನಿಗೆ, ಬೆರಳಿನ ಗುರುತಿಗೆ ಫೋಟೋ ಅಷ್ಟು ಬೇಗ ಹೆದರುವುದಿಲ್ಲ. ನಮ್ಮ ಹವೆಗೆ ಇದು ದೊಡ್ಡ ಗುಣ. ಎರಡು ತಿಂಗಳು ಮುಟ್ಟದೆ ಇಟ್ಟರೂ ಒಣಗಿ ಕಟ್ಟಿಕೊಳ್ಳಲು ಅದರಲ್ಲಿ ಏನೂ ಇಲ್ಲ. ಕೊರತೆಯೂ ಇದೆ. ಅತಿ ದೊಡ್ಡದೆಂದರೆ ಪೋಸ್ಟ್‌ಕಾರ್ಡ್ ಅಳತೆ, 100×148 ಮಿಲಿಮೀಟರ್. ಅದರಾಚೆ ಹೋಗುವಂತಿಲ್ಲ. ಪೇಪರ್ ಮತ್ತು ರಿಬ್ಬನ್ ಜೊತೆಯಾಗಿ 108 ಹಾಳೆಯ ಪ್ಯಾಕ್ ಬರುತ್ತದೆ. ಅದರ ಬೆಲೆಯನ್ನು 108ರಿಂದ ಭಾಗಿಸಿದರೆ ಫೋಟೋ ಒಂದರ ಖರ್ಚು ಗೊತ್ತಾಗುತ್ತದೆ. ಟ್ಯಾಂಕ್ ಪ್ರಿಂಟರ್‌ಗಿಂತ ಅದು ಖಂಡಿತ ಜಾಸ್ತಿ. ಆದರೆ ಅದು ಏರುಪೇರಾಗದ ಖರ್ಚು. ಇಂಕ್ ಚಿಮ್ಮುವ ಹೆಡ್ಡನ್ನು ಕ್ಲೀನ್ ಮಾಡಬೇಕು ಎಂದು ಇಂಕ್ ಚೆಲ್ಲುವುದಿಲ್ಲ. ಅಪರೂಪಕ್ಕೆ, ಆಲ್ಬಮ್ ಅಳತೆಯ ಫೋಟೋ ಮಾತ್ರ ಸಾಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ದೊಡ್ಡ ಫೋಟೋ ಬೇಕು, ಆಗಾಗ ಬೇಕು ಅನ್ನುವವರಿಗೆ ಇಂಕ್ ಟ್ಯಾಂಕ್. ಮುಂದಿನ ಮಾತೆಲ್ಲ ಹೆಚ್ಚಾಗಿ ಅದರ ಬಗ್ಗೆಯೇ.

ನಾಲ್ಕು ಬಣ್ಣವೋ, ಆರು ಬಣ್ಣವೋ?

ಎಪ್ಸನ್ ಎಲ್3250, ಕ್ಯಾನನ್ ಜಿ3000 ಸಾಲು, ಎಚ್‌ಪಿ ಸ್ಮಾರ್ಟ್ ಟ್ಯಾಂಕ್, ಇವೆಲ್ಲ ನಾಲ್ಕು ಬಣ್ಣದವು. ಇವುಗಳ ಬೆಲೆ ಕಡಿಮೆ. ಸ್ಕ್ಯಾನರ್ ಜೊತೆಗೇ ಬರುತ್ತದೆ. ಆರು ಬಣ್ಣದ ಎಪ್ಸನ್ ಎಲ್8050, ಕ್ಯಾನನ್ ಜಿ570 ಇವುಗಳ ಬೆಲೆ ಅದಕ್ಕಿಂತ ಜಾಸ್ತಿ. ಈ ಎರಡರಲ್ಲೂ ಸ್ಕ್ಯಾನರ್ ಇಲ್ಲ. ಕ್ಯಾನನ್‌ನಲ್ಲಿ ಸ್ಕ್ಯಾನರ್ ಬೇಕಾದರೆ ಜಿ670 ಇದೆ.

ಆ ಹೆಚ್ಚಿನ ಹಣಕ್ಕೆ ಸಿಗುವುದೇನು? ಇಂಕ್‌ಜೆಟ್ ತಿಳಿ ಬಣ್ಣ ತೋರಿಸಬೇಕಾದಾಗ ಗಾಢ ಇಂಕಿನ ಚುಕ್ಕಿಗಳನ್ನು ದೂರದೂರ ಇಡುತ್ತದೆ. ಹತ್ತಿರದಿಂದ ನೋಡಿದರೆ ಕೆನ್ನೆಯ ಮೇಲೆ, ಆಕಾಶದಲ್ಲಿ ಸಣ್ಣ ಮರಳಿನ ಹಾಗೆ ಕಾಣುತ್ತದೆ. ಎಲ್8050ರಲ್ಲಿ ತಿಳಿ ಸಯಾನ್, ತಿಳಿ ಮೆಜೆಂಟಾ ಎಂಬ ಎರಡು ಹೆಚ್ಚಿನ ಇಂಕ್ ಇವೆ. ತಿಳಿ ಜಾಗಗಳನ್ನು ಅವುಗಳಿಂದ ಒತ್ತೊತ್ತಾಗಿ ತುಂಬಬಹುದು, ಹಾಗಾಗಿ ಚರ್ಮದ ಬಣ್ಣ ನಯವಾಗಿ ಬರುತ್ತದೆ. ಕ್ಯಾನನ್ ಜಿ570 ಬೇರೆ ದಾರಿ ಹಿಡಿದಿದೆ. ಅದರಲ್ಲಿ ಹೆಚ್ಚಿಗೆ ಇರುವುದು ಕೆಂಪು ಮತ್ತು ಬೂದು. ಕೆಂಪಿನಿಂದ ಕೆಂಪು ಬಣ್ಣಗಳಿಗೆ ಕಳೆ ಬರುತ್ತದೆ. ಬೂದಿನಿಂದ ಕಪ್ಪು ಬಿಳುಪು ಫೋಟೋದಲ್ಲಿ ಹಸಿರೋ ನೇರಳೆಯೋ ಛಾಯೆ ಸೇರುವುದು ಕಡಿಮೆಯಾಗುತ್ತದೆ. ಹಳೆಯ ಕುಟುಂಬದ ಫೋಟೋಗಳನ್ನು ಸ್ಕ್ಯಾನ್ ಮಾಡಿ ಮತ್ತೆ ತೆಗೆಯುವ ಆಸೆ ಇದ್ದರೆ ಬೂದು ಇಂಕ್ ತುಂಬಾ ಉಪಕಾರಿ.

ನಾಲ್ಕು ಬಣ್ಣದ ಯಂತ್ರ ಕೊಳ್ಳುವವರು ಒಂದು ವಿಷಯ ಕೇಳಿಯೇ ಕೇಳಬೇಕು: ಕಪ್ಪು ಇಂಕ್ ಡೈಯೋ (ದ್ರವದಲ್ಲಿ ಕರಗಿದ ಬಣ್ಣ), ಪಿಗ್ಮೆಂಟೋ (ಕರಗದ ಸಣ್ಣ ಕಣಗಳ ಬಣ್ಣ)? ಎಚ್‌ಪಿ ಸ್ಮಾರ್ಟ್ ಟ್ಯಾಂಕ್ ಮತ್ತು ಕ್ಯಾನನ್ ಜಿ3000 ಸಾಲಿನಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಮೂರು ಡೈ. ಪಿಗ್ಮೆಂಟ್ ಕಪ್ಪು ಸಾದಾ ಕಾಗದದ ಅಕ್ಷರಕ್ಕೆ ಚೆನ್ನ. ಆದರೆ ಗ್ಲಾಸಿ ಪೇಪರ್ ಮೇಲೆ ಅದು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಫೋಟೋ ಮಾಡುವಾಗ ಇಂಥ ಯಂತ್ರಗಳು ಸಾಮಾನ್ಯವಾಗಿ ಉಳಿದ ಮೂರು ಬಣ್ಣ ಬೆರೆಸಿಯೇ ಕಪ್ಪು ಮಾಡುತ್ತವೆ. ಆ ಕಪ್ಪು ಸ್ವಲ್ಪ ಮಾಸಲು, ಸ್ವಲ್ಪ ಕಂದು. ಹಗಲಿನ ಫೋಟೋದಲ್ಲಿ ಅಷ್ಟೇನೂ ಗೊತ್ತಾಗುವುದಿಲ್ಲ. ರಾತ್ರಿ ಭೂತಕೋಲದ ಫೋಟೋದಲ್ಲಿ, ಸುತ್ತ ಕತ್ತಲೆ, ನಡುವೆ ದೊಂದಿಯ ಬೆಳಕು ಇರುವಾಗ, ತಟ್ಟನೆ ಗೊತ್ತಾಗುತ್ತದೆ.

ಡೈ ಇಂಕ್ ಗ್ಲಾಸಿ ಮೇಲೆ ಹೊಳಪಾಗಿರುತ್ತದೆ, ಆದರೆ ಬಿಸಿಲಿಗೆ ಮಾಸುವುದು, ನೀರಿಗೆ ಹರಡುವುದು ಜಾಸ್ತಿ. ಎಲ್ಲ ಬಣ್ಣವೂ ಪಿಗ್ಮೆಂಟ್ ಇರುವ ಫೋಟೋ ಪ್ರಿಂಟರ್‌ಗಳು ಹೆಚ್ಚು ಕಾಲ ಬಾಳುವ ಚಿತ್ರ ಕೊಡುತ್ತವೆ, ಆದರೆ ಅವುಗಳ ಬೆಲೆ ಮನೆಯ ಬಜೆಟ್ ದಾಟುತ್ತದೆ. ಡೈ ಇಂಕನ್ನೇ ಆರಿಸಿ, ಫೋಟೋವನ್ನು ಜೋಪಾನ ಮಾಡುವುದು ನಮ್ಮ ಹಣಕ್ಕೆ ಹೊಂದುವ ದಾರಿ.

ನನ್ನ ಆಯ್ಕೆ ಕೇಳಿದರೆ: ಹೆಚ್ಚಾಗಿ ಜನರ ಮುಖ, ಸಮುದ್ರ, ಆಕಾಶ ತೆಗೆಯುವವರಿಗೆ ತಿಳಿ ಇಂಕ್ ಇರುವ ಆರು ಬಣ್ಣದ ಯಂತ್ರ. ಮನೆಯ ಎಲ್ಲ ಕೆಲಸಕ್ಕೆ ಒಂದೇ ಯಂತ್ರ ಸಾಕು, ಫೋಟೋ ಅದರಲ್ಲೊಂದು ಅನ್ನುವವರಿಗೆ ಸ್ಕ್ಯಾನರ್ ಇರುವ ನಾಲ್ಕು ಬಣ್ಣದ್ದು. ಒಳ್ಳೆಯ ಪೇಪರ್ ಹಾಕಿದರೆ ಅದೂ ಮ್ಯಾಕ್ಸಿ ಸೈಜ್‌ನಲ್ಲಿ ನಿರಾಸೆ ಮಾಡುವುದಿಲ್ಲ.

ಡಬ್ಬದ ಮೇಲಿನ ಅಂಕಿಗಳು

5760×1440 ಡಿಪಿಐ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಇಂಕಿನ ಚುಕ್ಕಿ ಎಷ್ಟು ಒತ್ತಾಗಿ ಬೀಳಬಲ್ಲದು ಎಂಬ ಲೆಕ್ಕ. ನಾಲ್ಕು ಬಣ್ಣದ ಎಪ್ಸನ್‌ಗೂ ಆರು ಬಣ್ಣದ ಎಪ್ಸನ್‌ಗೂ ಅದೇ ಅಂಕಿ ಇರುತ್ತದೆ. ಅದನ್ನು ನೋಡಿ ಆರಿಸಿ ಪ್ರಯೋಜನವಿಲ್ಲ. ಅದರ ಬದಲು ಹನಿಯ ಗಾತ್ರ ನೋಡಿ. ಎಲ್8050ರ ಅತಿ ಸಣ್ಣ ಹನಿ 1.5 ಪಿಕೋಲೀಟರ್, ಎಲ್3250ರದ್ದು 3. ಹನಿ ಸಣ್ಣದಾದಷ್ಟೂ ಚಿತ್ರ ನಯ.

ಅಂಚಿಲ್ಲದ ಪ್ರಿಂಟ್ ಯಾವ ಅಳತೆಯವರೆಗೆ ಎಂದೂ ಕೇಳಿ. ಕೆಲವು ಯಂತ್ರಗಳು 4×6ರವರೆಗೆ ಮಾತ್ರ ಅಂಚಿಲ್ಲದೆ ಕೊಡುತ್ತವೆ, ಎ4ಕ್ಕೆ ಹೋದರೆ ಸುತ್ತ ಬಿಳಿ ಪಟ್ಟಿ ಬಿಡುತ್ತವೆ. ಪೇಪರ್ ಹಿಂದಿನಿಂದ ಹಾಕುವ ಟ್ರೇ ಇದ್ದರೆ ಒಳ್ಳೆಯದು, ದಪ್ಪ ಪೇಪರ್ ಹೆಚ್ಚು ಬಾಗದೆ ಹೋಗುತ್ತದೆ.

ವೇಸ್ಟ್ ಇಂಕ್ ಬಗ್ಗೆ ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ಹೆಡ್ ಕ್ಲೀನ್ ಮಾಡಿದಾಗ, ಅಂಚಿಲ್ಲದೆ ಪ್ರಿಂಟ್ ಮಾಡಿದಾಗ ಹೊರಚೆಲ್ಲುವ ಇಂಕ್ ಒಳಗೆ ಒಂದು ಸ್ಪಂಜಿಗೆ ಹೋಗುತ್ತದೆ. ಅದು ತುಂಬಿದರೆ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ. ಕ್ಯಾನನ್ ಜಿ570ರಂಥವುಗಳಲ್ಲಿ ಅದು ನಾವೇ ಬದಲಿಸಬಹುದಾದ ಪೆಟ್ಟಿಗೆ. ಇನ್ನು ಕೆಲವಕ್ಕೆ ಸರ್ವೀಸ್ ಸೆಂಟರ್‌ಗೆ ಒಯ್ಯಬೇಕು. ಕುಂದಾಪುರದಲ್ಲೋ ಕಾರ್ಕಳದಲ್ಲೋ ಇರುವವರಿಗೆ ಇದು ಸಣ್ಣ ವಿಷಯವಲ್ಲ. ರಿಪೇರಿಗೆ ಮನೆಗೇ ಬರುತ್ತಾರೋ, ಮಂಗಳೂರಿಗೆ ತರಬೇಕೋ ಎಂದು ಬಿಲ್ ಮಾಡುವ ಮೊದಲೇ ಕೇಳಿ. ವಾರಂಟಿ ಕಾರ್ಡ್ ಕೂಡ ಓದಿ. ಟ್ಯಾಂಕ್ ಪ್ರಿಂಟರ್‌ಗಳಿಗೆ ಇಷ್ಟು ವರ್ಷ ಅಥವಾ ಇಷ್ಟು ಪುಟ, ಯಾವುದು ಮೊದಲೋ ಅದು ಎಂಬ ಷರತ್ತು ಸಾಮಾನ್ಯ.

ಅಂಗಡಿಯಲ್ಲಿ ಪರೀಕ್ಷೆ

ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ನಾಲ್ಕು ಫೋಟೋ ಒಯ್ಯಿರಿ. ಕಂಪನಿ ಕೊಡುವ ಮಾದರಿ ಚಿತ್ರ ಎಲ್ಲ ಯಂತ್ರದಲ್ಲೂ ಚೆನ್ನಾಗಿಯೇ ಕಾಣುತ್ತದೆ. ಎರಡು ಹಾಳೆ ಫೋಟೋ ಪೇಪರನ್ನೂ ನೀವೇ ಒಯ್ಯಿರಿ, ಸಾದಾ ಕಾಗದದ ಮೇಲೆ ತೆಗೆದ ಡೆಮೋದಿಂದ ಏನೂ ಗೊತ್ತಾಗುವುದಿಲ್ಲ.

ಯಾವ ಫೋಟೋ? ನಮ್ಮ ಕಡೆ ಇದಕ್ಕೆ ಬರವಿಲ್ಲ. ಒಂದು ಯಕ್ಷಗಾನದ್ದು ಇರಲಿ. ತೆಂಕುತಿಟ್ಟಿನ ಬಣ್ಣದ ವೇಷ ಸಿಕ್ಕರೆ ಇನ್ನೂ ಒಳ್ಳೆಯದು. ಮುಖದ ಮೇಲೆ ಸಾಲಾಗಿ ಇಟ್ಟ ಚಿಟ್ಟಿಯ ಬಿಳಿ ಚುಕ್ಕಿಗಳು ಒಂದೊಂದಾಗಿ ಕಾಣಬೇಕು, ಒಂದರಲ್ಲೊಂದು ಸೇರಿ ಬಿಳಿ ಪಟ್ಟಿ ಆಗಬಾರದು. ಕೆಂಪು ಕೆಂಪಾಗಿಯೇ ಇರಬೇಕು, ಕಿತ್ತಳೆಗೆ ಜಾರಬಾರದು. ಇನ್ನೊಂದು ಮಲ್ಪೆಯದೋ ಪಣಂಬೂರಿನದೋ ಸಂಜೆ ಆಕಾಶ. ಹಳದಿಯಿಂದ ನೀಲಿಗೆ ಹೋಗುವಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಬಿದ್ದರೆ ಆ ಯಂತ್ರ ಬೇಡ. ಮೂರನೆಯದು ಮನೆಯವರ ಮುಖ, ಹಗಲು ಬೆಳಕಿನಲ್ಲಿ ತೆಗೆದದ್ದು. ಆ ಮುಖದ ಬಣ್ಣ ನಿಮಗೆ ಗೊತ್ತಿರುವುದರಿಂದ ತಪ್ಪಿದ್ದರೆ ಒಡನೆ ಗೊತ್ತಾಗುತ್ತದೆ. ನಾಲ್ಕನೆಯದು ಕಪ್ಪು ಬಿಳುಪು.

ಪ್ರಿಂಟ್ ಆದ ಹಾಳೆಯನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಬೇಡಿ. ಬಾಗಿಲಿನ ಹತ್ತಿರ ಬಂದು ಹಗಲಿನಲ್ಲಿ ನೋಡಿ. ಡೆಮೋ ಕೊಡಲು ಒಪ್ಪದ ಅಂಗಡಿಯಿಂದ ಬೇರೆ ಅಂಗಡಿಗೆ ಹೋಗುವುದರಲ್ಲಿ ತಪ್ಪೇನಿಲ್ಲ ಅಲ್ವಾ?

ಪೇಪರ್: ಅರ್ಧ ಗುಣಮಟ್ಟ ಇಲ್ಲೇ

ಇಪ್ಪತ್ತು ಸಾವಿರದ ಯಂತ್ರ ತಂದು ಅಗ್ಗದ ಪೇಪರ್ ಹಾಕುವವರನ್ನು ನೋಡಿದರೆ ಬೇಸರವಾಗುತ್ತದೆ. ಇಂಕನ್ನು ಹಿಡಿದು ನಿಲ್ಲಿಸುವುದು ಪೇಪರಿನ ಮೇಲ್ಪದರ. ಅದು ಕಳಪೆಯಾದರೆ ಆರು ಬಣ್ಣವಿದ್ದೂ ಉಪಯೋಗವಿಲ್ಲ.

ಪೇಟೆಯಲ್ಲಿ ಎರಡು ಬಗೆಯ ಗ್ಲಾಸಿ ಸಿಗುತ್ತದೆ. ಒಂದು ಕಾಸ್ಟ್ ಕೋಟೆಡ್, ಕಾಗದದ ಮೇಲೆ ನೇರ ಹೊಳಪು ಪದರ ಹಚ್ಚಿದ್ದು. 130, 180, 230 ಜಿಎಸ್‌ಎಂ (ಚದರ ಮೀಟರಿಗೆ ಕಾಗದದ ತೂಕ, ಗ್ರಾಂನಲ್ಲಿ) ಎಂದು ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಇದೇ. ಇನ್ನೊಂದು ಆರ್‌ಸಿ, ಅಂದರೆ ಕಾಗದದ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಪದರ ಇರುವುದು. ಇದು ಸಾಮಾನ್ಯವಾಗಿ 240ರಿಂದ 280 ಜಿಎಸ್‌ಎಂ. ಮಳೆಗಾಲದ ತೇವದಲ್ಲಿ ಕಾಸ್ಟ್ ಕೋಟೆಡ್ ಹಾಳೆ ಗಾಳಿಯ ನೀರು ಹೀರಿ ಸುರುಟಿಕೊಳ್ಳುತ್ತದೆ. ಸುರುಟಿದ ಹಾಳೆ ಒಳಗೆ ಹೋದರೆ ಹೆಡ್‌ಗೆ ತಾಗಿ ಅಂಚಿನಲ್ಲಿ ಇಂಕ್ ಮೆತ್ತುತ್ತದೆ. ಆರ್‌ಸಿ ಹಾಳೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಕರಾವಳಿಯವರು ಆರ್‌ಸಿಯನ್ನೇ ಕೊಳ್ಳಿ. ಎರಡು ಮೂರು ರೂಪಾಯಿ ಜಾಸ್ತಿ ಆದರೂ ಆಗಲಿ.

ಗ್ಲಾಸಿಯೋ ಮ್ಯಾಟೋ? ಆಲ್ಬಮ್‌ಗೆ ಗ್ಲಾಸಿ. ಕೈಯಿಂದ ಕೈಗೆ ಹೋಗುವ, ಫ್ರೇಮ್ ಹಾಕುವ ಫೋಟೋಗೆ ಎರಡರ ನಡುವಿನ, ಅರೆಹೊಳಪಿನ ಲಸ್ಟರ್ ಅಥವಾ ಸ್ಯಾಟಿನ್. ಬೆರಳಿನ ಗುರುತು ಅಷ್ಟಾಗಿ ಕಾಣುವುದಿಲ್ಲ, ಕಿಟಕಿಯ ಬೆಳಕು ಅಷ್ಟಾಗಿ ಪ್ರತಿಫಲಿಸುವುದಿಲ್ಲ.

ಒಮ್ಮೆಲೇ ನೂರಾರು ಹಾಳೆ ತರಬೇಡಿ, 20 ಅಥವಾ 50ರ ಪ್ಯಾಕ್ ಸಾಕು. ತೆರೆದ ಪ್ಯಾಕನ್ನು ಅದರದ್ದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿ ಮಲಗಿಸಿ ಇಡಿ. ಪ್ರಿಂಟರಿನ ಟ್ರೇಯಲ್ಲಿ ಹಾಳೆ ಬಿಟ್ಟು ಮಲಗಬೇಡಿ. ಆಟಿಯ ಮಳೆಯಲ್ಲಿ ಒಂದು ರಾತ್ರಿ ಸಾಕು ಅದು ಮೆತ್ತಗಾಗಲು.

ಮನೆಯಲ್ಲಿ ಎಲ್ಲಿಡುವುದು?

ಕಿಟಕಿಯ ಪಕ್ಕ, ಇರಚಲು ಬರುವ ಕಡೆ ಬೇಡ. ಕೆಂಪುಕಲ್ಲಿನ ಹಳೆಯ ಗೋಡೆಗೆ ತಾಗಿಸಿಯೂ ಇಡಬೇಡಿ, ಮಳೆಗಾಲದಲ್ಲಿ ಆ ಗೋಡೆ ತೇವ ಬಿಡುತ್ತಲೇ ಇರುತ್ತದೆ. ಕಡಲ ಹತ್ತಿರದ ಮನೆಯಾದರೆ ಉಪ್ಪುಗಾಳಿಗೆ ಒಳಗಿನ ಲೋಹದ ಸರಳು ತುಕ್ಕು ಹಿಡಿಯುತ್ತದೆ. ಬಟ್ಟೆಯ ಹೊದಿಕೆ ಹಾಕಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೇ ತೇವ ನಿಲ್ಲುತ್ತದೆ. ಹೊದಿಕೆ ಇದ್ದರೆ ಹಲ್ಲಿ, ಜಿರಳೆ, ಇರುವೆ ಒಳಹೋಗುವುದೂ ತಪ್ಪುತ್ತದೆ.

ಮೊದಲ ಸಲ ಇಂಕ್ ತುಂಬುವ ದಿನ ಕರೆಂಟ್ ಸರಿಯಾಗಿ ಇರುವ ಹೊತ್ತು ನೋಡಿ. ಟ್ಯಾಂಕಿನಿಂದ ಹೆಡ್‌ವರೆಗಿನ ಕೊಳವೆಗಳಿಗೆ ಇಂಕ್ ತುಂಬಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ನಡುವೆ ಆಫ್ ಮಾಡಬಾರದು. ಮೊದಲ ಬಾಟಲಿಗಳ ಒಂದಿಷ್ಟು ಇಂಕ್ ಈ ಕೊಳವೆಗಳಿಗೇ ಹೋಗುತ್ತದೆ. ಮಟ್ಟ ಇಳಿದದ್ದು ನೋಡಿ ಗಾಬರಿಯಾಗಬೇಡಿ.

ಪ್ರಿಂಟರನ್ನು ಯಾವಾಗಲೂ ಅದರದ್ದೇ ಬಟನ್‌ನಿಂದ ಆಫ್ ಮಾಡಿ. ಆಗ ಹೆಡ್ ತನ್ನ ಜಾಗಕ್ಕೆ ಹೋಗಿ, ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ನೇರ ಆರಿಸಿದರೆ ಹೆಡ್ ಎಲ್ಲೋ ನಡುದಾರಿಯಲ್ಲಿ ತೆರೆದು ನಿಂತು ನಾಜಲ್, ಅಂದರೆ ಇಂಕ್ ಹೊರಬರುವ ಸಣ್ಣ ರಂಧ್ರ, ಒಣಗುತ್ತದೆ. ಪ್ರಿಂಟ್ ನಡುವೆ ಕರೆಂಟ್ ಹೋದರೂ ಇದೇ ಕಥೆ. ಇಂಕ್‌ಜೆಟ್ ಎಳೆಯುವ ಕರೆಂಟ್ ಕಡಿಮೆ, ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೇ ಸೇರಿಸಬಹುದು. ಎಪ್ರಿಲ್ ಮೇ ತಿಂಗಳಿನ ಮತ್ತು ತುಲಾ ತಿಂಗಳ (ಅಕ್ಟೋಬರ್ ನವೆಂಬರ್) ಸಿಡಿಲಿನ ಹೊತ್ತಿನಲ್ಲಿ ಬಟನ್ ಒತ್ತಿ ಆರಿಸಿದ ಮೇಲೆ ಪ್ಲಗ್ಗನ್ನೂ ಕೀಳಿ.

ಫೋಟೋ ಸಿದ್ಧ ಮಾಡುವುದು

ಕಣ್ಣಿಗೆ ಚೂಪಾಗಿ ಕಾಣಲು ಇಂಚಿಗೆ 300 ಪಿಕ್ಸೆಲ್ ಇದ್ದರೆ ಸಾಕು. 4×6ಕ್ಕೆ 1200×1800. ಅಂದರೆ ಎರಡು ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ. ಎ4ಕ್ಕೆ 2480×3508, ಎಂಟು ಮುಕ್ಕಾಲು ಮೆಗಾಪಿಕ್ಸೆಲ್ ಹತ್ತಿರ. ಈಗಿನ ಯಾವ ಫೋನಿಗೂ ಇದು ದೊಡ್ಡದಲ್ಲ.

ತೊಂದರೆ ಬರುವುದು ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋದಿಂದ. ಸುಮ್ನೆ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಉದ್ದದ ಬದಿ ಸಾಮಾನ್ಯವಾಗಿ 1,600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ಮ್ಯಾಕ್ಸಿ ಸೈಜ್‌ಗೆ ನಡೆಯುತ್ತದೆ. ಎ4ಕ್ಕೆ ಹಾಕಿದರೆ ಇಂಚಿಗೆ 140 ಪಿಕ್ಸೆಲ್ ಕೂಡ ಇರುವುದಿಲ್ಲ. ಮದುವೆ ಫೋಟೋ ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಹೇಳಿ, ಆಗ ಮೂಲ ಫೈಲೇ ಬರುತ್ತದೆ.

ಮುಂದಿನದು ಅಳತೆಯ ಹೊಂದಾಣಿಕೆ. ಹೆಚ್ಚಿನ ಫೋನುಗಳ ಫೋಟೋ 4:3, ಪೇಪರ್ 3:2. ಅಂಚಿಲ್ಲದೆ ತುಂಬಿಸಿದರೆ ಮೇಲೆ ಕೆಳಗೆ ಅಥವಾ ಬದಿಗಳಲ್ಲಿ ಸ್ವಲ್ಪ ಕತ್ತರಿಸಿ ಹೋಗುತ್ತದೆ. ಫೋನನ್ನು ಅಡ್ಡ ಹಿಡಿದು, ಕಿರೀಟ ಚೌಕಟ್ಟಿನ ಅಂಚಿಗೆ ತಾಗುವಂತೆ ತೆಗೆದ ವೇಷದ ಫೋಟೋದಲ್ಲಿ ಹೋಗುವುದು ಕಿರೀಟದ ತುದಿಯೇ. ಪ್ರಿಂಟರಿಗೆ ಬಿಡದೆ, ಫೋನಿನಲ್ಲೇ 3:2ಕ್ಕೆ ನೀವೇ ಕತ್ತರಿಸಿ. ಏನು ಉಳಿಯಬೇಕು ಎಂದು ನಿರ್ಧರಿಸುವವರು ನೀವು.

ಫೋನಿನ ಪರದೆ ಬೆಳಕು ಬೀರುತ್ತದೆ, ಕಾಗದ ಬೀರುವುದಿಲ್ಲ. ಹಾಗಾಗಿ ಪರದೆಯಲ್ಲಿ ಚೆಂದ ಕಂಡದ್ದು ಪ್ರಿಂಟ್‌ನಲ್ಲಿ ಕತ್ತಲೆ ಎನಿಸುತ್ತದೆ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ಫೋಟೋ ನೋಡಿ, ಆಗ ನೆರಳಿನ ಭಾಗ ಕಾಣದಿದ್ದರೆ ಸ್ವಲ್ಪ ತೆರೆಯಿರಿ. ಕೋಲ, ಬಯಲಾಟದಂಥ ರಾತ್ರಿ ಫೋಟೋಗಳಿಗೆ ಇದು ಬೇಕೇ ಬೇಕು. ಫೈಲನ್ನು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾದರಿಯಲ್ಲಿ ಇಡಿ.

ಪ್ರಿಂಟ್ ಒತ್ತುವ ಮೊದಲು

ಇಲ್ಲಿ ಒಂದೇ ಒಂದು ಸೆಟ್ಟಿಂಗ್ ಎಲ್ಲಕ್ಕಿಂತ ಮುಖ್ಯ: ಪೇಪರ್ ಟೈಪ್. ಗ್ಲಾಸಿ ಹಾಕಿ ಸೆಟ್ಟಿಂಗ್‌ನಲ್ಲಿ ಸಾದಾ ಪೇಪರ್ ಎಂದು ಬಿಟ್ಟರೆ ಬಣ್ಣ ಮಂಕಾಗಿ, ಗೆರೆಗೆರೆಯಾಗಿ ಬರುತ್ತದೆ. ಯಂತ್ರ ಕೆಟ್ಟಿದೆ ಎಂದು ದೂರುವ ಎಷ್ಟೋ ಮಂದಿಯ ತೊಂದರೆ ಇಷ್ಟೇ. ಗುಣಮಟ್ಟ ಹೈ ಎಂದು ಇಡಿ, ಅಳತೆ ಸರಿ ಇದೆಯೋ ನೋಡಿ, ಹೊಳಪಿನ ಬದಿ ಇಂಕ್ ಬೀಳುವ ಕಡೆ ಇದೆಯೋ ನೋಡಿ. ಫೋನಿನಿಂದ ತೆಗೆಯುವವರು ಕಂಪನಿಯ ಸ್ವಂತ ಆ್ಯಪ್ ಬಳಸಿ, ಅದರಲ್ಲಿ ಪೇಪರ್ ಟೈಪ್ ಸರಿಯಾಗಿ ಕೇಳುತ್ತದೆ.

ಎ4 ಹಾಳೆಗೆ ಕೈ ಹಾಕುವ ಮೊದಲು ಅದೇ ಚಿತ್ರವನ್ನು ಸಣ್ಣ ಹಾಳೆಯಲ್ಲಿ ತೆಗೆದು ನೋಡಿ. ಪೇಪರ್ ಉಳಿಯುತ್ತದೆ.

ಬಂದ ಫೋಟೋವನ್ನು ಉಳಿಸಿಕೊಳ್ಳುವುದು

ಮುಟ್ಟಿದರೆ ಒಣಗಿದಂತೆ ಕಂಡರೂ ಡೈ ಇಂಕ್ ಪದರದೊಳಗೆ ಇನ್ನೂ ಹಸಿ ಇರುತ್ತದೆ. ಒಂದು ದಿನ ಫ್ಯಾನಿನ ನೇರ ಗಾಳಿ ಬೀಳದ ಜಾಗದಲ್ಲಿ ಬಿಡಿ. ಮಳೆಗಾಲದಲ್ಲಿ ಎರಡು ದಿನ ಬಿಟ್ಟರೂ ಸರಿ. ಒಂದರ ಮೇಲೊಂದು ಪೇರಿಸುವುದಾದರೆ ನಡುವೆ ಬಿಳಿ ಕಾಗದ ಇಡಿ.

ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಎಳೆದು ಮುಚ್ಚುವ ಹಳೆಯ ಮಾದರಿ ಆಲ್ಬಮ್ ಬೇಡ. ಪಾಲಿಪ್ರೊಪಿಲೀನ್ ಜೇಬುಗಳಿರುವ ಆಲ್ಬಮ್ ತನ್ನಿ. ಫ್ರೇಮ್ ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ಮೌಂಟ್ ಬೋರ್ಡ್ (ಫೋಟೋದ ಸುತ್ತ ಚೌಕಟ್ಟಿನಂತೆ ಕೂರುವ ದಪ್ಪ ರಟ್ಟು) ಇರಲೇಬೇಕು ಎಂದು ಫ್ರೇಮ್ ಅಂಗಡಿಯಲ್ಲಿ ಹೇಳಿ. ಗಾಜಿಗೆ ನೇರ ತಾಗಿದ ಗ್ಲಾಸಿ ಫೋಟೋ ನಮ್ಮ ತೇವಕ್ಕೆ ಒಂದೆರಡು ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ಅಥವಾ ರಬ್ಬರ್ ತುಂಡು ಅಂಟಿಸಿ, ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡಲಿ. ಪಡುವಣ ಬಿಸಿಲು ನೇರ ಬೀಳುವ ಗೋಡೆ ಬೇಡ.

ನಾಜಲ್, ಇಂಕ್, ಮತ್ತು ಹಳೆಯ ಯಂತ್ರ

ವಾರಕ್ಕೊಮ್ಮೆ ಎಲ್ಲ ಬಣ್ಣ ಬರುವಂಥ ಒಂದು ಸಣ್ಣ ಫೋಟೋ ತೆಗೆಯಿರಿ. ಜಡಿಮಳೆಯಲ್ಲಿ ನಾಜಲ್ ಒಣಗುವುದು ನಿಧಾನ. ಡಿಸೆಂಬರ್ ಜನವರಿಯ ಒಣ ಗಾಳಿಯಲ್ಲಿ, ಎಸಿ ಕೋಣೆಯಲ್ಲಿ ಬೇಗ. ಫೋಟೋದಲ್ಲಿ ಗೆರೆ ಕಂಡರೆ ಮೊದಲು ನಾಜಲ್ ಚೆಕ್ (ಎಲ್ಲ ಬಣ್ಣದ ಗೆರೆಗಳಿರುವ ಪರೀಕ್ಷೆಯ ಹಾಳೆ) ಮಾಡಿ, ಅದರಲ್ಲಿ ತುಂಡಾದ ಗೆರೆ ಇದ್ದರೆ ಮಾತ್ರ ಹೆಡ್ ಕ್ಲೀನಿಂಗ್. ಎರಡು ಸಲ ಮಾಡಿಯೂ ಸರಿಯಾಗದಿದ್ದರೆ ಒಂದು ರಾತ್ರಿ ಬಿಟ್ಟು ಮರುದಿನ ಮತ್ತೆ ನೋಡಿ. ಮೇಲಿಂದ ಮೇಲೆ ಕ್ಲೀನಿಂಗ್ ಒತ್ತಿದರೆ ಇಂಕ್ ಸ್ಪಂಜಿಗೆ ಹೋಗುತ್ತದೆ, ಅಷ್ಟೇ. ಇಂಕ್ ಕಂಪನಿಯದ್ದೇ ಹಾಕಿ. ಅಗ್ಗದ ಇಂಕ್‌ನಲ್ಲಿ ಬಣ್ಣ ಬೇರೆಯಾಗುತ್ತದೆ, ನಾಜಲ್ ಕಟ್ಟುವ ಸಾಧ್ಯತೆಯೂ ಜಾಸ್ತಿ. ಟ್ಯಾಂಕ್ ಪ್ರಿಂಟರ್‌ನಲ್ಲಿ ಅಸಲಿ ಇಂಕೇ ಫೋಟೋಗೆ ಎರಡು ರೂಪಾಯಿ ಆಸುಪಾಸು ಎಂದ ಮೇಲೆ ಅದರಲ್ಲಿ ಉಳಿಸಲು ಹೋಗುವುದೇಕೆ?

ಸೆಕೆಂಡ್ ಹ್ಯಾಂಡ್ ಆರು ಬಣ್ಣದ ಯಂತ್ರ ಸಿಕ್ಕಿದರೆ ಒಂದು ಎಚ್ಚರಿಕೆ. ಎಲ್805, ಎಲ್8050 ಪಿವಿಸಿ ಕಾರ್ಡ್ ಮೇಲೂ ಪ್ರಿಂಟ್ ಮಾಡುತ್ತವೆ. ಹಾಗಾಗಿ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್‌ಗಳಲ್ಲಿ ಗುರುತಿನ ಚೀಟಿ ಮಾಡಲು ದಿನವಿಡೀ ದುಡಿದ ಯಂತ್ರಗಳೇ ಮಾರಾಟಕ್ಕೆ ಬರುವುದುಂಟು. ಈವರೆಗೆ ಎಷ್ಟು ಪುಟ ಪ್ರಿಂಟ್ ಆಗಿದೆ, ವೇಸ್ಟ್ ಇಂಕ್ ಪ್ಯಾಡ್ ಬದಲಿಸಿದ್ದಾರೋ ಇಲ್ಲವೋ ಎಂದು ಕೇಳಿ. ನಿಮ್ಮೆದುರೇ ನಾಜಲ್ ಚೆಕ್ ಹಾಳೆ ತೆಗೆಸಿ. ಆರು ಬಣ್ಣದಲ್ಲಿ ಒಂದು ಬಣ್ಣದ ಗೆರೆ ತುಂಡಾಗಿದ್ದರೂ, ಕ್ಲೀನ್ ಮಾಡಿದರೆ ಸರಿಯಾಗುತ್ತದೆ ಎಂದು ಅವರು ಹೇಳಿದರೂ, ಅವರೇ ಕ್ಲೀನ್ ಮಾಡಿ ಪೂರ್ತಿ ಹಾಳೆ ತೋರಿಸುವವರೆಗೆ ಹಣ ಕೊಡಬೇಡಿ.